ಲಕ್ಕಿ ಬ್ಯಾಂಬೂ ಇಟ್ಟವರಲ್ಲಿ ಒಂದು ಮನವಿ

ನಿಮ್ಮ ಹಾಲ್‌ನ ಮೂಲೆಯಲ್ಲೋ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೋ ಗಾಜಿನ ಬಟ್ಟಲಲ್ಲಿ, ಕೆಂಪು ರಿಬ್ಬನ್ ಕಟ್ಟಿದ ಲಕ್ಕಿ ಬ್ಯಾಂಬೂ ಇದ್ದರೆ, ಇದನ್ನು ಓದಿ ಮುಗಿಸುವ ಮೊದಲೇ ಎದ್ದುಹೋಗಿ ಅದರ ನೀರು ಚೆಲ್ಲಿ ಬನ್ನಿ. ಬರೀ ಚೆಲ್ಲಿದರೆ ಸಾಲದು, ಬಟ್ಟಲಿನ ಒಳಮೈಯನ್ನು ನಾರು ಹಾಕಿ ತಿಕ್ಕಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಅಂಚಿಗೆ ಹತ್ತಿದ ಪಾತ್ರೆಯ ಗೋಡೆಗೆ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಅಲ್ಲಿಂದ ರೆಕ್ಕೆ ಬಂದು ಹಾರಲು ವಾರವೋ ಹತ್ತು ದಿನವೋ ಸಾಕು.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2001ರಲ್ಲಿ ದಕ್ಷಿಣ ಚೀನಾದಿಂದ ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಲಕ್ಕಿ ಬ್ಯಾಂಬೂ ಸರಕಿನ ನೀರಿನಲ್ಲಿ ಏಷ್ಯಾದ ಹುಲಿಸೊಳ್ಳೆ, ಅದೂ ಈಡಿಸ್ ಜಾತಿಯದೇ, ಸಮುದ್ರ ದಾಟಿ ಇಳಿಯಿತು. ನಮ್ಮಲ್ಲಿ ಈ ಸೊಳ್ಳೆ ಹಡಗು ಹತ್ತಿ ಬರಬೇಕಾಗಿಯೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಾದರೆ 400 ರೂಪಾಯಿ, ಹಳ್ಳಿಯಲ್ಲಾದರೆ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಈಡಿಸ್ ಬಹಳ ದೂರ ಹಾರುವ ಸೊಳ್ಳೆಯಲ್ಲ. ನಿಮ್ಮ ಬಟ್ಟಲಲ್ಲಿ ಹುಟ್ಟಿದ್ದು ನಿಮ್ಮನ್ನು, ನಿಮ್ಮ ಮೇಲಿನ ಮಹಡಿಯ ಬಾಣಂತಿಯನ್ನು, ಎದುರು ಮನೆಯ ಅಜ್ಜನನ್ನು ಕಚ್ಚುತ್ತದೆ. ಅದೂ ಹಾಡಹಗಲಲ್ಲಿ.

ಈ ಗಿಡವನ್ನು ಮನೆಗೆ ತರಿಸಿದ ಚೀನೀ ವಾಸ್ತು, ಅಂದರೆ ಫೆಂಗ್ ಶೂಯಿ, ನಂಬಬೇಡಿ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮನೆಗೆ ಒಳ್ಳೆಯದಾಗಲಿ ಎಂದು ಒಂದು ಗಿಡ ತಂದಿಡುವುದರಲ್ಲಿ, ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಮನಸ್ಸಿಗೆ ನಾಲ್ಕು ಒಳ್ಳೆಯ ಮಾತು ಹೇಳಿಕೊಳ್ಳುವುದರಲ್ಲಿ ತಪ್ಪೇನಿದೆ? ನನ್ನ ತಕರಾರು ಒಂದೇ. ನಿಮ್ಮ ಮನೆಯ ಅದೃಷ್ಟದ ಬಿಲ್ಲು ಪಕ್ಕದ ಮನೆಗೆ, ಊರಿನ ಕೆರೆಗೆ, ಮನೆಯಲ್ಲೇ ಇರುವ ಮಗುವಿನ ಹೆಸರಿಗೆ ಹೋಗಬಾರದು.

ಬಿದಿರು ಎಂದು ನಾವು ಕರೆಯುವ ಆ ಗಿಡ ಬಿದಿರೂ ಅಲ್ಲ, ಚೀನಾದ್ದೂ ಅಲ್ಲ. ಮಧ್ಯ ಆಫ್ರಿಕಾದ ಕ್ಯಾಮರೂನ್ ಕಡೆಯ ಡ್ರಸೀನಾ ಜಾತಿಯ ಗಿಡ ಅದು, ಮಣ್ಣಿನಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಪಕ್ಕದ ಮನೆಯಿಂದ ಕದ್ದು ತಂದರೇ ಹಬ್ಬುತ್ತದೆ ಎಂದು ನಾವು ನಂಬಿರುವ ಮನಿ ಪ್ಲಾಂಟ್‌ನ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಇನ್ನು ಫೆಂಗ್ ಶೂಯಿ ಶುರುವಾದದ್ದು ಬದುಕಿರುವವರ ಹಾಲ್‌ನಲ್ಲಲ್ಲ, ಸತ್ತವರ ಸಮಾಧಿಗೆ ಜಾಗ ಹುಡುಕುವಲ್ಲಿ. ಕ್ರಿ.ಶ. 276ರಿಂದ 324ರವರೆಗೆ ಬದುಕಿದ್ದ ಗುವೊ ಪು ಎಂಬ ಪಂಡಿತನ ಹೆಸರಿನಲ್ಲಿರುವ ಅದರ ಹಳೆಯ ಗ್ರಂಥ ಇರುವುದೇ ಶವಸಂಸ್ಕಾರದ ಜಾಗದ ಬಗ್ಗೆ. ಜೀವಶಕ್ತಿಯನ್ನು ಗಾಳಿ ಎಲ್ಲಿ ಚದುರಿಸುತ್ತದೆ, ನೀರು ಎಲ್ಲಿ ತಡೆದು ನಿಲ್ಲಿಸುತ್ತದೆ ಎಂಬ ವಿಚಾರ ಅದರದು. ಆ ಶಾಸ್ತ್ರ ಬಲ್ಲವರು ಕೊಳೆತು ನಿಂತ ನೀರನ್ನು ಕೇಡೆಂದೇ ಎಣಿಸುತ್ತಾರೆ. ಹಾಗಾಗಿ ಬಟ್ಟಲು ತೊಳೆಯಿರಿ ಎಂಬ ನನ್ನ ಮಾತಿಗೆ ಆರೋಗ್ಯ ಇಲಾಖೆಯ ಜೊತೆಗೆ ಗುವೊ ಪುವಿನ ಒಪ್ಪಿಗೆಯೂ ಸಿಕ್ಕೀತು. ನರ್ಸರಿ ನಡೆಸುವವರಲ್ಲೂ ಕೇಳಿಕೊಳ್ಳುತ್ತೇನೆ: ಈ ಗಿಡವನ್ನು ನೀರಿನ ಬಟ್ಟಲಲ್ಲಿ ಕೊಡುವ ಬದಲು ಮಣ್ಣಿನ ಕುಂಡದಲ್ಲಿ ಕೊಡಿ.

ಈಗ ಆಮೆಯ ಮಾತು. ಇದು ನೀರಿನ ಬಟ್ಟಲಿಗಿಂತ ಗಂಭೀರ.

ಉತ್ತರ ದಿಕ್ಕಿಗೆ ಕರಿ ಆಮೆ ಕಾವಲು ಎಂಬುದು ಚೀನೀಯರ ಹಳೆಯ ಕಲ್ಪನೆ. ಅದು ನಮ್ಮ ಊರಿಗೆ ಬರುವಷ್ಟರಲ್ಲಿ ‘ಮನೆಯಲ್ಲಿ ಜೀವಂತ ಆಮೆ ಇದ್ದರೆ ದುಡ್ಡು ನಿಲ್ಲುತ್ತದೆ’ ಎಂದಾಗಿದೆ. ಅಕ್ವೇರಿಯಂ ಅಂಗಡಿಯಲ್ಲಿ ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ರೂಪಾಯಿ ನಾಣ್ಯಕ್ಕಿಂತ ಕೊಂಚ ದೊಡ್ಡ ಮರಿ ಸಿಗುತ್ತದೆ. ಮಕ್ಕಳು ಕಂಡ ಕೂಡಲೇ ಬೇಕೆನ್ನುತ್ತಾರೆ. ಅದು ಅಮೆರಿಕದ ಮಿಸಿಸಿಪಿ ಸೀಮೆಯ ಆಮೆ. ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ತೊಟ್ಟಿ ನಾರತೊಡಗಿದಾಗ ಮನೆಯವರಿಗೆ ಕೆರೆಯ ನೆನಪಾಗುತ್ತದೆ. ಒಂದು ಭಾನುವಾರ ಬಕೆಟ್‌ನಲ್ಲಿ ಹಾಕಿಕೊಂಡು ಹೋಗಿ, ಕೈಮುಗಿದು ನೀರಿಗೆ ಬಿಟ್ಟು ಬರುತ್ತಾರೆ. ಪುಣ್ಯದ ಕೆಲಸ ಎಂದೇ ಅವರ ಭಾವನೆ. ಆದರೆ ಲೋಕದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ನಮ್ಮ ಕೆರೆಯ ಆಮೆಗಳ ಮೇವಿಗೂ, ಬಿಸಿಲು ಕಾಯಿಸಿಕೊಳ್ಳುವ ಬಂಡೆಗೂ ಅದು ಪೈಪೋಟಿಗೆ ಇಳಿಯುತ್ತದೆ.

ನಕ್ಷತ್ರ ಆಮೆಯ ಕಥೆ ಇನ್ನೂ ಕಷ್ಟದ್ದು. ಕೋಲಾರ, ಚಿಕ್ಕಬಳ್ಳಾಪುರದಿಂದ ಆಂಧ್ರದ ಗಡಿಯ ಆಚೆಗೂ ಚಾಚಿದ ಕುರುಚಲು ಕಾಡಿನ ಪ್ರಾಣಿ ಅದು. ಅದೃಷ್ಟದ ಹೆಸರಿನಲ್ಲಿ ಅದನ್ನು ಚೀಲ, ಸೂಟ್‌ಕೇಸುಗಳಲ್ಲಿ ತುಂಬಿ ಸಾಗಿಸುತ್ತಾರೆ. ಒಣನೆಲದ ಈ ಆಮೆಯನ್ನು ಕೊಂಡವರು ಗೊತ್ತಿಲ್ಲದೆ ನೀರಿನ ತೊಟ್ಟಿಗೆ ಬಿಡುತ್ತಾರೆ, ಅದು ಸಾಯುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಅದು ಮೊದಲ ಅನುಸೂಚಿಯಲ್ಲಿದೆ. ಮನೆಯಲ್ಲಿ ಇಟ್ಟುಕೊಂಡು ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ ಸೆರೆವಾಸದ ಮಾತು. ‘ಎರಡು ತಲೆ ಹಾವು’ ಎಂದು ಲಕ್ಷಗಳ ಆಸೆ ತೋರಿಸಿ ಮಾರುವ ಮಣ್ಣುಮುಕ್ಕ ಹಾವಿನ ದಂಧೆಯೂ ಇದರದೇ ಸಂಬಂಧಿ.

ದಯವಿಟ್ಟು ಜೀವಂತ ಆಮೆ ಕೊಳ್ಳಬೇಡಿ, ಈಗಾಗಲೇ ಇದ್ದರೆ ಕೆರೆಗೆ ಬಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಏನು ಮಾಡಬೇಕೆಂದು ಕೇಳಿ. ಆಮೆ ಇರಲೇಬೇಕು ಎಂದು ಮನಸ್ಸು ಹಟ ಹಿಡಿದರೆ ಕಲ್ಲಿನದೋ ಹಿತ್ತಾಳೆಯದೋ ಇಟ್ಟುಕೊಳ್ಳಿ. ನಮ್ಮ ಎಷ್ಟೋ ದೇವಸ್ಥಾನಗಳ ನೆಲಹಾಸಿನಲ್ಲಿ ಇರುವುದೂ ಕಲ್ಲಿನ ಆಮೆಯೇ.

ಬಾಗಿಲ ವಿಷಯದಲ್ಲಿ ಮಾತ್ರ ಫೆಂಗ್ ಶೂಯಿಯವರ ಮಾತನ್ನು ಅಕ್ಷರಶಃ ಪಾಲಿಸಿ ಎನ್ನುತ್ತೇನೆ. ಮುಖ್ಯದ್ವಾರದ ಮುಂದೆ ಅಡಚಣೆ ಇರಬಾರದು ಎಂದು ಅವರು ಹೇಳುತ್ತಾರೆ. ಅಗ್ನಿಶಾಮಕ ದಳದವರು ಹೇಳುವುದೂ ಅದನ್ನೇ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತಾಗ ಎದ್ದ ದೊಡ್ಡ ದೂರು ತುರ್ತು ದಾರಿಗಳು ಮುಚ್ಚಿದ್ದವು ಎಂಬುದು. ನಮ್ಮ ಅಪಾರ್ಟ್‌ಮೆಂಟ್‌ಗಳ ಮೆಟ್ಟಿಲ ಬದಿ ನೋಡಿ: ಚಪ್ಪಲಿ ಸ್ಟ್ಯಾಂಡು, ಮುರಿದ ಸೈಕಲ್ಲು, ‘ಮನೆಯೊಳಗೆ ಇಡಬಾರದು’ ಎಂದು ಯಾರೋ ಹೇಳಿದ ಹಳೇ ಕನ್ನಡಿ, ಎಲ್ಲರೂ ಓಡಾಡುವ ಜಾಗದಲ್ಲೇ. ಮನೆ ಹಗುರ ಮಾಡಿಕೊಳ್ಳುವುದೆಂದರೆ ಭಾರವನ್ನು ಹೊಸ್ತಿಲಾಚೆ ತಳ್ಳುವುದಲ್ಲ. ಒಡೆದ ದೇವರ ಪಟಗಳನ್ನು ಅಶ್ವತ್ಥಕಟ್ಟೆಗೆ ಒರಗಿಸಿ ಬರುವ ರೂಢಿಯೂ ಇದೇ ಜಾತಿಯದು. ಗಾಜು, ಕಟ್ಟು, ಕಾಗದ ಬೇರೆ ಮಾಡಿ ಒಣ ಕಸದವರಿಗೆ ಕೊಟ್ಟರೆ ದೇವರಿಗೆ ಖಂಡಿತ ಬೇಜಾರಾಗದು.

ದಿಕ್ಕಿಗೆ ಶಕ್ತಿಯಿದೆ ಎಂಬುದಕ್ಕೆ ಯಾರೂ ಸಾಕ್ಷಿ ಕೊಟ್ಟಿಲ್ಲ. ಬೆಳಕಿಗೆ, ಹಸಿರಿಗೆ ಇದೆ. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಹೋಲಿಸಿ ನೋಡಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಗೋಡೆ ಒಡೆಸಿ ಬಾಗಿಲು ತಿರುಗಿಸಲು ಸಾಲ ಮಾಡುವ ಮುನ್ನ ಕಿಟಕಿಗೆ ಅಡ್ಡ ಇಟ್ಟ ಬೀರುವನ್ನು ಸರಿಸಿ ನೋಡಿ.

ಇನ್ನು ಮನಸ್ಸಿಗೆ ಹೇಳಿಕೊಳ್ಳುವ ಮಾತು. ‘ನಾನು ಗೆದ್ದೇ ಗೆಲ್ಲುತ್ತೇನೆ’ ಎಂದು ದಿನಕ್ಕೆ ನೂರು ಸಲ ಹೇಳಿಕೊಳ್ಳಲು ಕಲಿಸುವ ಶಿಬಿರಗಳು ಈಗ ತಾಲ್ಲೂಕು ಮಟ್ಟದಲ್ಲೂ ನಡೆಯುತ್ತಿವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೊವಾನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತಣ್ಣೀರು ಎರಚುತ್ತದೆ. ತಮ್ಮ ಬಗ್ಗೆ ಮೊದಲೇ ಕೀಳಾಗಿ ಯೋಚಿಸುವವರು ‘ನಾನು ಪ್ರೀತಿಗೆ ಅರ್ಹ’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಇನ್ನಷ್ಟು ಕುಗ್ಗಿದರು. ಬಾಯಿ ಹೇಳಿದ್ದನ್ನು ಒಳಮನಸ್ಸು ‘ಸುಳ್ಳು’ ಎಂದು ತಿರುಗಿ ಹೇಳಿದರೆ ಆಗುವುದು ಅದೇ ತಾನೆ? ಅಗತ್ಯ ಇರುವವರಿಗೇ ಈ ಮದ್ದು ಹತ್ತುವುದಿಲ್ಲ.

ಹತ್ತುವುದು ಯಾವುದು? ಮಿಷಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಅವರ ತಂಡ 2014ರಲ್ಲಿ ತೋರಿಸಿಕೊಟ್ಟದ್ದು ಇದು: ಭಾಷಣಕ್ಕೆ ನಿಲ್ಲುವ ಮೊದಲು ‘ನಾನು’ ಎನ್ನುವ ಬದಲು ತಮ್ಮನ್ನೇ ಹೆಸರು ಹಿಡಿದು, ‘ನೀನು’ ಎಂದು ಮಾತಾಡಿಸಿಕೊಂಡವರಿಗೆ ಅಳುಕು ಕಡಿಮೆಯಾಯಿತು, ಮಾತೂ ಚೆನ್ನಾಗಿ ಬಂತು. ಕನ್ನಡಿಗರಿಗೆ ಇದು ಹೊಸತೇ? 1943ರಲ್ಲಿ ಬಂದ ಕಗ್ಗದಲ್ಲಿ ಡಿ.ವಿ.ಜಿ. ಪದ್ಯಪದ್ಯದ ಕೊನೆಗೂ ಮಂಕುತಿಮ್ಮ ಎಂದು ಒಬ್ಬನನ್ನು ಕರೆದು ತಮ್ಮ ಮನಸ್ಸಿಗೇ ಹೇಳಿಕೊಳ್ಳುತ್ತಾರೆ, ಬೇರೆಯವರಿಗೆ ಉಪದೇಶ ಮಾಡಲು ಹೋಗುವುದಿಲ್ಲ. ದಾಸರೂ ತಮ್ಮ ಮನಸ್ಸನ್ನೇ ಎದುರು ಕೂರಿಸಿಕೊಂಡು ಗದರಿದರು, ರಮಿಸಿದರು. ನೀವೂ ಹಾಗೆ ಮಾಡಿ. ‘ನನ್ನ ಕೈಲಾಗುತ್ತೆ’ ಎಂದು ನೂರು ಸಲ ಹೇಳುವ ಬದಲು, ನಿಮ್ಮನ್ನು ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಕರೆದು, ‘ಬೆಳಿಗ್ಗೆ ಕಾಫಿ ಆದ ಮೇಲೆ ಆ ಬ್ಯಾಂಕಿನ ಅರ್ಜಿ ತುಂಬು, ಆಮೇಲೆ ಉಳಿದದ್ದು’ ಎಂದು ಒಂದು ಸಲ ಹೇಳಿ.

ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಇನ್ನೊಂದು ತುದಿಯಿಂದ ಶುರುವಾಗಬೇಕು. ಮಗು ಮೊದಲು ಕೇಳಿಸಿಕೊಳ್ಳುವುದು ದೊಡ್ಡವರ ಮಾತು. ಆಮೇಲೆ ಆಟವಾಡುತ್ತ ಅದನ್ನೇ ಗಟ್ಟಿಯಾಗಿ ತನಗೆ ಹೇಳಿಕೊಳ್ಳುತ್ತದೆ. ಕೊನೆಗೆ ಅದು ತಲೆಯೊಳಗಿನ ಸದ್ದಿಲ್ಲದ ಮಾತಾಗುತ್ತದೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1934ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಲೆಕ್ಕದಲ್ಲಿ ಅಂಕ ಕಡಿಮೆ ಬಂದ ದಿನ ನೀವು ‘ದಡ್ಡ ಮುಂಡೇದೆ’ ಎಂದರೆ, ಮೂವತ್ತು ವರ್ಷದ ನಂತರ ಆ ಮಗು ಕನ್ನಡಿ ಮುಂದೆ ನಿಂತು ತನಗೆ ಹೇಳಿಕೊಳ್ಳುವುದೂ ಅದನ್ನೇ. ಆಗ ಯಾವ ಶಿಬಿರದ ಯಾವ ಘೋಷಣೆ ಅದನ್ನು ಅಳಿಸೀತು?

ಕೊನೆಯದಾಗಿ, ‘ಪಾಸಿಟಿವ್ ಆಗಿ ಯೋಚಿಸು’ ಎಂಬ ಬುದ್ಧಿಮಾತನ್ನು ಎಲ್ಲರ ಮೇಲೂ ಪ್ರಯೋಗಿಸಬೇಡಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಮನಸ್ಸಿಲ್ಲದೆ ಕೂತಿರುವ ತಮ್ಮನಿಗೋ ಅತ್ತಿಗೆಗೋ ಬೇಕಾದದ್ದು ಲಾಫಿಂಗ್ ಬುದ್ಧನೂ ಅಲ್ಲ, ಘೋಷಣೆಯೂ ಅಲ್ಲ, ಚಿಕಿತ್ಸೆ. ‘ನಿನ್ನ ಯೋಚನೆ ಸರಿ ಇಲ್ಲ, ಅದಕ್ಕೇ ಹೀಗೆ’ ಎನ್ನುವುದು ಕಾಯಿಲೆ ಬಿದ್ದವರ ಮೇಲೆ ತಪ್ಪನ್ನೂ ಹೊರಿಸಿದಂತೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ನಿಮ್ಹಾನ್ಸೇ ಅದರ ಕೇಂದ್ರ ಸಂಸ್ಥೆ. ಇವತ್ತು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ.

ಸಂಖ್ಯೆ ಬರೆದುಕೊಟ್ಟು ಸುಮ್ಮನಾಗಬೇಡಿ. ಮನಸ್ಸು ಅಷ್ಟು ಕುಸಿದವರಿಗೆ ಎಷ್ಟೋ ಸಲ ಫೋನಿನ ಗುಂಡಿ ಒತ್ತುವ ತ್ರಾಣವೂ ಇರುವುದಿಲ್ಲ. ನೀವೇ ಒತ್ತಿ, ಆ ಕಡೆಯವರಿಗೆ ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿ, ಆಮೇಲೆ ಫೋನ್ ಅವರ ಕೈಗೆ ಕೊಡಿ. ಆಸ್ಪತ್ರೆಗೆ ಬನ್ನಿ ಎಂದರೆ ಆ ದಿನ ನಿಮ್ಮ ಕೆಲಸಕ್ಕೆ ರಜೆ ಹಾಕಿ, ಜೊತೆಗೆ ಹೋಗಿ.