ಟೀಪಾಟ್ ತಳದಲ್ಲಿ ಇಲ್ಲದ ಮುದ್ರೆ

ಮೊನ್ನೆ ಸಹೋದ್ಯೋಗಿಯೊಬ್ಬ ಹರಾಜಿನ ಕ್ಯಾಟಲಾಗ್ ಒಂದರ ಲಿಂಕ್ ಕಳಿಸಿದ್ದ. ಹದಿನೆಂಟನೇ ಶತಮಾನದ ಕೊನೆಯ ಲಂಡನ್ ಬೆಳ್ಳಿ: ಟೀಪಾಟ್, ಸಕ್ಕರೆ ಬಟ್ಟಲು, ಸಕ್ಕರೆ ಚೂರು ಎತ್ತೋಕೆ ಪುಟ್ಟ ಇಕ್ಕಳ. "ಎಂಥಾ ನಾಜೂಕು ಜನ ನೋಡು ಗುರು, ನಾವಿನ್ನೂ ಸ್ಟೀಲ್ ಲೋಟದಲ್ಲೇ ಇದೀವಿ" ಅಂತ ಒಂದು ಸಾಲು ಬೇರೆ. ಅದಕ್ಕೇ ಈ ಪೋಸ್ಟು.

ಇಂಥ ಪಾತ್ರೆ ಬೋರಲು ಹಾಕಿ ನೋಡಿ, ನಮ್ಮ ಲಾಗ್ ಫೈಲ್ ಥರ ಸಾಲಾಗಿ ಮುದ್ರೆಗಳು. ಸಿಂಹ ಇದ್ರೆ ಶೇಕಡಾ 92.5 ಬೆಳ್ಳಿ. ಚಿರತೆ ತಲೆ ಅಂದ್ರೆ ಲಂಡನ್. ಒಂದು ಅಕ್ಷರ ವರ್ಷಕ್ಕೆ, ಇನ್ನೆರಡು ಮಾಡಿದವನ ಹೆಸರಿಗೆ. 1784ರಿಂದ 1890ರ ಒಳಗಿನದಾದ್ರೆ ರಾಜನದೋ ರಾಣಿಯದೋ ತಲೆಯೂ ಉಂಟು, ಅದು ತೆರಿಗೆ ಕಟ್ಟಿದ್ದಕ್ಕೆ ರಸೀದಿ! ಎಲ್ಲಾ ಇದೆ ಸ್ವಾಮಿ, ಬೆಳ್ಳಿ ಎಲ್ಲಿಂದ ಬಂತು ಅನ್ನೋದೊಂದು ಬಿಟ್ಟು.

ಆಗ ಜಗತ್ತಿನ ಬೆಳ್ಳಿಯ ದೊಡ್ಡ ಪಾಲು ಸ್ಪೇನಿನ ಅಮೆರಿಕ ವಸಾಹತುಗಳದ್ದು. ಮೆಕ್ಸಿಕೋ, ಮತ್ತೆ ಈಗಿನ ಬೊಲಿವಿಯಾದ ಪೊಟೊಸಿ. ಪೊಟೊಸಿಯಲ್ಲಿ 1570ರ ದಶಕದಿಂದ 'ಮಿತಾ' ಪದ್ಧತಿ. ಆಂಡಿಸ್ ಹಳ್ಳಿಗಳು ಗಂಡಾಳುಗಳನ್ನ ಸರದಿ ಮೇಲೆ ಗಣಿಗೆ ಕಳಿಸಲೇಬೇಕಿತ್ತು. ಅದಿರಿನಿಂದ ಬೆಳ್ಳಿ ಬಿಡಿಸೋಕೆ ಪಾದರಸ, ಅದರ ವಿಷ ಒಳಗೆಳೆದುಕೊಂಡವರೂ ಅವರೇ. ಈ ಕಡ್ಡಾಯ ದುಡಿಮೆ ರದ್ದಾಗಿದ್ದು 1812ರಲ್ಲಿ!

ಪಾತ್ರೆಯ ಒಳಗಿದ್ದದ್ದು? ಚೀನಾ ಟೀ ಮಾರುತ್ತಿದ್ದದ್ದು ಬೆಳ್ಳಿಗೆ. ಬೆಳ್ಳಿ ಸೋರಿ ಹೋಗ್ತಿದೆ ಅಂತ ಈಸ್ಟ್ ಇಂಡಿಯಾ ಕಂಪನಿ ಹಿಡಿದ ದಾರಿ ಅಫೀಮು, ಬಿಹಾರದ ರೈತರಿಗೆ ಮುಂಗಡ ಕೊಟ್ಟು ಬೆಳೆಸಿದ್ದು. ಚೀನಾ ತಡೆದಾಗ 1839ರಲ್ಲಿ ಯುದ್ಧ. ಸಕ್ಕರೆ ಕೆರಿಬಿಯನ್ ದ್ವೀಪಗಳ ಗುಲಾಮರದ್ದು. 1833ರಲ್ಲಿ ಬ್ರಿಟನ್ ಗುಲಾಮಗಿರಿ ರದ್ದುಮಾಡೋ ಕಾನೂನು ತಂದಾಗ 2 ಕೋಟಿ ಪೌಂಡ್ ಪರಿಹಾರ ಇಟ್ಟಿತು. ಯಾರಿಗೆ ಗೊತ್ತಾ? ಒಡೆಯರಿಗೆ.

ಇದನ್ನೆಲ್ಲ ಹೇಳಿದ್ರೆ "ಅದು ಕಲೆ ಕಣೋ, ಇದೇ ಟೀಪಾಟ್ ಬೆಳ್ಳಿ ಪೊಟೊಸಿಯದ್ದು ಅಂತ ಪ್ರೂವ್ ಮಾಡು" ಅಂತಾನೆ. ಆಗಲ್ಲ. ಕರಗಿಸಿ ಬೆರೆಸಿದ ಮೇಲೆ ಯಾರಿಂದಲೂ ಆಗಲ್ಲ. ಆದ್ರೆ ಸಕ್ಕರೆ ಬಟ್ಟಲಲ್ಲಿ ಸಕ್ಕರೆ ಇತ್ತು ಅನ್ನೋದಕ್ಕೂ ಪ್ರೂಫ್ ಬೇಕಾ?

ಸ್ಪೇನಿನ ಆ ಬೆಳ್ಳಿ ನಮ್ಮ ಬಟ್ಟೆ, ಮೆಣಸಿಗೆ ಬದಲಾಗಿ ಇಲ್ಲಿಗೂ ಬಂದಿದೆ. ನಮ್ಮಜ್ಜಿ ಕುಂಕುಮದ ಬಟ್ಟಲಲ್ಲೂ ಒಂದು ಚೂರು ಇರಬಹುದು. ಹಾಗಾಗಿ ಕರಗಿಸಿ ಬಿಸಾಕಿ ಅಂತಿಲ್ಲ. ಹಿಡಿಯ ಕೆತ್ತನೆ ಬಗ್ಗೆ ಮೂರು ಪ್ಯಾರಾ ಬರೆಯೋ ಕ್ಯಾಟಲಾಗಿನವರು ಗಣಿ, ಅಫೀಮು, ಕಬ್ಬಿನ ಗದ್ದೆ ಬಗ್ಗೆ ಎರಡು ಸಾಲು ಸೇರಿಸಲಿ. ಬೆಲೆ ಬಿದ್ದರೆ ಬೀಳಲಿ ಬಿಡಿ.