ಬಹುಮತವೆಂಬ ಬಣ್ಣ

ಚುನಾವಣೆಯ ಎಣಿಕೆಯ ದಿನ ನಮ್ಮ ಮನೆಗಳ ನಡುಮನೆಯೇ ಸಭಾಭವನವಾಗಿಬಿಡುತ್ತದೆ. ಹಿರಿಯರು ಒರಗು ಕುರ್ಚಿಯಲ್ಲಿ, ಮಕ್ಕಳು ಚಾಪೆಯ ಮೇಲೆ, ಗೃಹಿಣಿ ಅಡಿಗೆಮನೆಯ ಹೊಸ್ತಿಲಲ್ಲಿ. ಎಲ್ಲರ ದೃಷ್ಟಿಯೂ ಟೆಲಿವಿಷನ್ನಿನ ಪರದೆಯ ಕಡೆಗೆ. ಆ ಪರದೆಯ ಮೇಲೆ ಕರ್ನಾಟಕದ ನಕ್ಷೆ. ನಕ್ಷೆಯಲ್ಲಿ ೨೨೪ ತುಂಡುಗಳು. ಫಲಿತಾಂಶ ಬಂದ ಹಾಗೆಲ್ಲ ಒಂದೊಂದು ತುಂಡೂ ಒಂದೊಂದು ಬಣ್ಣ ತಳೆಯುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿ ಕ್ಷೇತ್ರವೂ ಅವುಗಳಲ್ಲೊಂದು. ಬಸವಣ್ಣನ ಗುಡಿಯ ತಂಬೂರ ಎಂಬ ಹಳ್ಳಿ ಅದರೊಳಗೆ ಅಡಗಿದೆ. ೨೦೧೮ರಲ್ಲಿ ಆ ತುಂಡು ಭಾರತೀಯ ಜನತಾ ಪಕ್ಷದ ಬಣ್ಣ ಹೊದ್ದಿತ್ತು. ೨೦೨೩ರಲ್ಲಿ ಕಾಂಗ್ರೆಸ್ಸಿನ ಬಣ್ಣ ಹೊದ್ದಿತು. ನಕ್ಷೆಯನ್ನು ಮಾತ್ರ ಬಲ್ಲವನು, ಐದು ವರ್ಷಗಳಲ್ಲಿ ತಂಬೂರದ ಮಂದಿಯೆಲ್ಲ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳಿದರೆಂದು ತಿಳಿದರೆ ಆಶ್ಚರ್ಯವಿಲ್ಲ.

ಹಳ್ಳಿಯನ್ನು ಬಲ್ಲವರಿಗೆ ಹಾಗೆ ತೋರದು. ಒಂದೇ ಕಟ್ಟೆಯ ಮೇಲೆ ಕುಳಿತ ನಾಲ್ವರಲ್ಲಿ ಇಬ್ಬರು ಈ ಕಡೆ, ಒಬ್ಬ ಆ ಕಡೆ, ಮತ್ತೊಬ್ಬ ಯಾವ ಕಡೆಯೆಂದು ಅವನ ಮನೆಯಾಕೆಗೂ ತಿಳಿಯದು. ಬಣ್ಣ ಬಳಿಯುವ ಕುಂಚಕ್ಕೆ ಇಷ್ಟು ಸೂಕ್ಷ್ಮ ಒದಗುವುದಿಲ್ಲ. ಗೆದ್ದವನ ಬಣ್ಣ ಗಡಿಯಿಂದ ಗಡಿಯವರೆಗೆ ಹರಡುತ್ತದೆ. ಸೋತವನಿಗೆ ಒಂದು ಗೆರೆಯೂ ಉಳಿಯುವುದಿಲ್ಲ. ಒಬ್ಬ ಶಾಸಕನನ್ನು ಆರಿಸುವುದಕ್ಕೆ ಈ ನಿಯಮ ಸರಿಯೇ. ಕುರ್ಚಿ ಒಂದೇ, ಹೆಚ್ಚು ಮತ ಪಡೆದವನು ಕೂಡುತ್ತಾನೆ. ಆದರೆ ಜನರ ಮನಸ್ಸನ್ನು ಅಳೆಯುವುದಕ್ಕೂ ಅದೇ ಕೋಲನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ.

ಎಷ್ಟು ತಪ್ಪುತ್ತದೆಂಬುದನ್ನು ನೋಡಿರಿ. ೨೦೧೮ರ ಮೇ ತಿಂಗಳಲ್ಲಿ ಮೊದಲಿಗೆ ಮತದಾನವಾದ ೨೨೨ ಕ್ಷೇತ್ರಗಳಲ್ಲಿ ಭಾರತೀಯ ಜನತಾ ಪಕ್ಷಕ್ಕೆ ೧೦೪, ಕಾಂಗ್ರೆಸ್ಸಿಗೆ ೭೮ ಸ್ಥಾನಗಳು ಬಂದವು. ನೂರು ಮತಗಳಲ್ಲಿ ಮಾತ್ರ ಕಾಂಗ್ರೆಸ್ಸಿಗೆ ಸುಮಾರು ೩೮, ಭಾರತೀಯ ಜನತಾ ಪಕ್ಷಕ್ಕೆ ಸುಮಾರು ೩೬. ಹೆಚ್ಚು ಮತ ಪಡೆದ ಪಕ್ಷವು ನಕ್ಷೆಯಲ್ಲಿ ಕಿರಿದಾಗಿ ಕಂಡಿತು. ೨೦೨೩ರಲ್ಲಿ ಕಾಂಗ್ರೆಸ್ಸಿಗೆ ೧೩೫, ಭಾರತೀಯ ಜನತಾ ಪಕ್ಷಕ್ಕೆ ೬೬. ಜನರು ಆ ಪಕ್ಷವನ್ನು ಕೈಬಿಟ್ಟರೆಂದು ಯಾರಾದರೂ ಹೇಳಿಯಾರು. ಆದರೆ ಅದಕ್ಕೆ ಬಿದ್ದ ಮತ ಆಗಲೂ ನೂರಕ್ಕೆ ೩೬! ಹೆಚ್ಚಿದ್ದು ಕಾಂಗ್ರೆಸ್ಸಿನ ಪಾಲು, ಸುಮಾರು ೪೩ಕ್ಕೆ. ಕುಗ್ಗಿದ್ದು ಜಾತ್ಯತೀತ ಜನತಾದಳದ ಪಾಲು, ೧೮ರಿಂದ ೧೩ಕ್ಕೆ. ವ್ಯಕ್ತಿಗಳು ಅತ್ತಿಂದಿತ್ತ ಸರಿದಿರಬಹುದು. ಒಟ್ಟು ಮೊತ್ತ ಕದಲಲಿಲ್ಲ. ಗೆದ್ದ ಪಕ್ಷದ ಜಯ ನ್ಯಾಯವಾದದ್ದೇ. ಆದರೆ ನೂರರಲ್ಲಿ ೪೩ ಮಂದಿಯ ಒಪ್ಪಿಗೆಗೆ ‘ಜನರೆಲ್ಲರ ತೀರ್ಪು’ ಎಂಬ ಹೆಸರಿಟ್ಟರೆ, ಉಳಿದ ೫೭ ಮಂದಿ ಯಾವ ನಾಡಿನವರು?

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ನಿದರ್ಶನ ದೊರೆಯಿತು. ಆರು ಬಾರಿ ಶಾಸಕರಾಗಿದ್ದು, ಮುಖ್ಯಮಂತ್ರಿಯೂ ಆಗಿದ್ದ ಜಗದೀಶ ಶೆಟ್ಟರರು ೨೦೨೩ರ ಏಪ್ರಿಲಿನಲ್ಲಿ ಟಿಕೆಟು ದೊರೆಯದೆ ಪಕ್ಷ ಬಿಟ್ಟು ಕಾಂಗ್ರೆಸ್ಸನ್ನು ಸೇರಿದರು. ಉತ್ತರ ಕರ್ನಾಟಕದ ಒಂದು ದೊಡ್ಡ ಸಮುದಾಯವೇ ಅವರ ಹಿಂದೆ ಹೊರಳುವುದೋ ಎಂಬ ಚರ್ಚೆ ಸುದ್ದಿವಾಹಿನಿಗಳಲ್ಲಿ ದಿನಗಟ್ಟಲೆ ನಡೆಯಿತು. ಮತ ಎಣಿಸಿದಾಗ ಅವರು ತಮ್ಮ ಹುಬ್ಬಳ್ಳಿಯ ಕ್ಷೇತ್ರದಲ್ಲಿಯೇ ೩೪,೦೦೦ಕ್ಕೂ ಮಿಕ್ಕ ಅಂತರದಿಂದ ಸೋತರು. ಅದೇ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ನಾಲ್ಕನ್ನು ಕಾಂಗ್ರೆಸ್ಸು ಗೆದ್ದಿತು, ಮೂರನ್ನು ಭಾರತೀಯ ಜನತಾ ಪಕ್ಷ. ಮತದಾರನು ಚರ್ಚೆಯನ್ನು ಕೇಳಿದ್ದಾನು. ಮತವನ್ನು ಮಾತ್ರ ತನ್ನ ಲೆಕ್ಕದಂತೆ ಹಾಕಿದನು.

ಇದರಲ್ಲಿ ಪತ್ರಕರ್ತರ ದುರುದ್ದೇಶವನ್ನೇ ಹುಡುಕಬೇಕಾಗಿಲ್ಲ. ಪಂಚತಂತ್ರದ ಬ್ರಾಹ್ಮಣನ ಹೆಗಲ ಮೇಲಿನ ಮೇಕೆಯನ್ನು ಧೂರ್ತರು ಒಬ್ಬರಾದ ಮೇಲೊಬ್ಬರು ಬಂದು ನಾಯಿಯೆಂದು ನಂಬಿಸಿದರಂತೆ. ಅವರಿಗೆ ಮೇಕೆ ಬೇಕಾಗಿತ್ತು. ನಮ್ಮ ಕಾಲದಲ್ಲಿ ಧೂರ್ತರಿಲ್ಲದೆಯೂ ಮೇಕೆ ನಾಯಿಯಾಗಬಲ್ಲದು. ತಲೆಬರಹಕ್ಕೆ ಸ್ಥಳ ಕಿರಿದು. ಅದರಲ್ಲಿ ‘ಅಲೆ’ ಎಂಬ ಎರಡಕ್ಷರ ಹಿಡಿಸುತ್ತದೆ, ‘ನೂರಕ್ಕೆ ೪೩’ರ ವಿವರಣೆ ಹಿಡಿಸುವುದಿಲ್ಲ. ವರದಿಗಾರನ ಕಾರು ಹೆದ್ದಾರಿಯ ಚಹದಂಗಡಿಯ ಮುಂದೆ ನಿಲ್ಲುತ್ತದೆ. ತಂಬೂರದಂತಹ ಊರಿನ ಕಟ್ಟೆಯವರೆಗೆ ಬರಲು ಅವನಿಗೆ ಹೊತ್ತಿರುವುದಿಲ್ಲ. ಒಬ್ಬನು ಬರೆದದ್ದನ್ನು ಮತ್ತೊಬ್ಬನು ಓದುತ್ತಾನೆ, ಮೂರನೆಯವನು ಇಬ್ಬರನ್ನೂ ನಂಬುತ್ತಾನೆ.

‘ಅಲೆ’ಯ ಮಾತು ಬಂದಿತು. ೧೯೮೪ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ೨೮ ಸ್ಥಾನಗಳಲ್ಲಿ ೨೪ ಕಾಂಗ್ರೆಸ್ಸಿನ ಪಾಲಾದವು. ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ಹೋದರು. ೧೯೮೫ರ ಮಾರ್ಚಿನಲ್ಲಿ ಅದೇ ಮತದಾರರು ವಿಧಾನಸಭೆಯ ೨೨೪ರಲ್ಲಿ ೧೩೯ ಸ್ಥಾನಗಳನ್ನು ಅವರ ಜನತಾ ಪಕ್ಷಕ್ಕೆ ಕೊಟ್ಟರು. ಮೂರು ತಿಂಗಳಲ್ಲಿ ಸಮುದ್ರ ದಿಕ್ಕು ಬದಲಿಸಲಿಲ್ಲ; ಕೇಳಿದ ಪ್ರಶ್ನೆಗಳು ಎರಡು, ಜನರು ಕೊಟ್ಟ ಉತ್ತರಗಳೂ ಎರಡು.

ಈಚಿನ ಮತಗಟ್ಟೆ ಸಮೀಕ್ಷೆಗಳ ಕಥೆ ಇನ್ನೂ ಹಸಿಯಾಗಿದೆ. ೨೦೨೪ರ ಜೂನ್ ೧ರ ಸಂಜೆ ಬಹುತೇಕ ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ ೩೫೦ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಮೇಲೆ ಸ್ಥಾನಗಳನ್ನು ಕೊಟ್ಟವು. ಜೂನ್ ೩ರಂದು ಮುಂಬಯಿ ಷೇರುಪೇಟೆಯ ಸೂಚ್ಯಂಕ ೨,೫೦೦ ಅಂಶಗಳಷ್ಟು ಜಿಗಿಯಿತು. ಮರುದಿನ ಎಣಿಕೆ, ಮೈತ್ರಿಕೂಟಕ್ಕೆ ೨೯೩, ಸೂಚ್ಯಂಕ ಸುಮಾರು ೪,೪೦೦ ಅಂಶ ಕೆಳಗೆ. ಸರಕಾರ ರಚಿಸಲು ೨೯೩ ಸಾಕಾಯಿತು. ಆದರೆ ಸಮೀಕ್ಷೆಯನ್ನೇ ತೀರ್ಪೆಂದು ಬಗೆದು ೩ರಂದು ಷೇರು ಕೊಂಡ ಗೃಹಸ್ಥನು, ಇಲ್ಲದ ಬಹುಮತಕ್ಕೆ ಬೆಲೆ ತೆತ್ತನು.

ಹಣದ ನಷ್ಟ ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಮತ್ತೊಂದಿದೆ. ಅದನ್ನು ಜರ್ಮನಿಯ ವಿದುಷಿ ಎಲಿಜಬೆತ್ ನೋಯ್ಲೆ-ನಾಯ್ಮನ್ ಚೆನ್ನಾಗಿ ಗುರುತಿಸಿದರು. ೧೯೬೫ರ ಪಶ್ಚಿಮ ಜರ್ಮನಿಯ ಚುನಾವಣೆಗೆ ಮುನ್ನ, ಎರಡು ಪಕ್ಷಗಳ ಬೆಂಬಲ ತಿಂಗಳುಗಟ್ಟಲೆ ಸರಿಸಮವಾಗಿತ್ತು. ಆದರೆ ‘ಯಾರು ಗೆಲ್ಲುವರು?’ ಎಂಬ ಪ್ರಶ್ನೆಗೆ ಮಾತ್ರ ಒಂದೇ ಪಕ್ಷದ ಹೆಸರು ಹೆಚ್ಚು ಹೆಚ್ಚಾಗಿ ಕೇಳಿಬರತೊಡಗಿತು. ಕೊನೆಯ ಗಳಿಗೆಯಲ್ಲಿ ಮತಗಳೂ ಅತ್ತ ವಾಲಿದವು. ತಾನು ಅಲ್ಪಸಂಖ್ಯೆಯವನೆಂದು ತಿಳಿದ ಮನುಷ್ಯ ಒಂಟಿಯಾಗುವ ಭಯದಿಂದ ಮೌನ ತಾಳುತ್ತಾನೆ. ಅವನ ಮೌನದಿಂದ ಎದುರು ಪಕ್ಷ ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ಕೇಳಿ ಮತ್ತೊಬ್ಬನು ಮೌನಿಯಾಗುತ್ತಾನೆ. ಇದು ಆಕೆ ೧೯೭೪ರಲ್ಲಿ ಮಂಡಿಸಿದ ವಾದದ ಸಾರ. ಮೌನವು ಸಮ್ಮತಿಯ ಲಕ್ಷಣವೆಂದು ನಮ್ಮ ಹಿರಿಯರು ಹೇಳಿದ್ದುಂಟು. ರಾಜಕಾರಣದಲ್ಲಿ ಅದು ಹಲವು ವೇಳೆ ಸಂಕೋಚದ ಲಕ್ಷಣ, ಕೆಲವು ವೇಳೆ ಸಂಕಟದ ಲಕ್ಷಣ.

ಸಂಕಟವನ್ನು ಮೌನವೆಂದು ಬಗೆದರೆ ಏನಾಗುವುದೆಂಬುದಕ್ಕೆ ನಮ್ಮ ಜಿಲ್ಲೆಯ ನವಲಗುಂದವೇ ಸಾಕ್ಷಿ. ೧೯೮೦ರ ಜನವರಿಯಲ್ಲಿ ಕರ್ನಾಟಕದ ೨೮ ಲೋಕಸಭಾ ಸ್ಥಾನಗಳಲ್ಲಿ ೨೭ನ್ನು ಇಂದಿರಾ ಕಾಂಗ್ರೆಸ್ಸು ಗೆದ್ದಿತ್ತು. ಆಗ ಹಳ್ಳಿಗೆ ಟೆಲಿವಿಷನ್ನು ಬಂದಿರಲಿಲ್ಲ. ಸುದ್ದಿ ಬರುತ್ತಿದ್ದುದು ಪತ್ರಿಕೆಗಳಿಂದ ಹಾಗೂ ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ. ೨೭ ಎಂಬ ಅಂಕೆಯನ್ನು ಓದಿದ ಯಾರಿಗಾದರೂ ನಾಡಿನಲ್ಲಿ ಅತೃಪ್ತಿಯೆಂಬುದೇ ಇಲ್ಲವೆಂದು ತೋರಿದ್ದರೆ ಸಹಜ. ಅದೇ ಹೊತ್ತಿನಲ್ಲಿ ಮಲಪ್ರಭಾ ಕಾಲುವೆಯ ಅಂಚಿನ ಎರೆಭೂಮಿಯಲ್ಲಿ ಅಭಿವೃದ್ಧಿ ಕರದ ಭಾರ ರೈತನ ಬೆನ್ನನ್ನು ಬಾಗಿಸುತ್ತಿತ್ತು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರದ ಬೇಡಿಕೆ ಬರುತ್ತಿತ್ತು. ಆರು ತಿಂಗಳು ಕಳೆಯುವಷ್ಟರಲ್ಲಿ, ೧೯೮೦ರ ಜುಲೈ ೨೧ರಂದು, ನವಲಗುಂದ-ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಾಯಿತು, ಪ್ರಾಣಗಳು ಹೋದವು. ಇಂದಿಗೂ ಆ ದಿನವನ್ನು ಅಲ್ಲಿ ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ೧೯೮೩ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂದಿತು. ಆ ರೈತರು ಜನವರಿಯಲ್ಲಿಯೂ ಇದ್ದರು. ೨೭ ಎಂಬ ಅಂಕೆ ಮಾತ್ರ ಅವರನ್ನು ಮರೆಮಾಡಿತ್ತು.

ಇಂದು ಮರೆಮಾಡುವ ಕೆಲಸವನ್ನು ನಮ್ಮ ಕೈಯಲ್ಲಿರುವ ಫೋನು ಇನ್ನಷ್ಟು ಸುಲಭವಾಗಿಸಿದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಮಂದಿಯಿದ್ದಾರೆಂದು ಇಟ್ಟುಕೊಳ್ಳಿರಿ. ಇಬ್ಬರು ಚಿಕ್ಕಪ್ಪಂದಿರು ದಿನಕ್ಕೆ ಇಪ್ಪತ್ತು ರಾಜಕೀಯ ಸಂದೇಶ ಕಳುಹಿಸುತ್ತಾರೆ, ಮೂವರು ಕೈಮುಗಿಯುತ್ತಾರೆ. ಉಳಿದ ಮೂವತ್ತೈದು ಮಂದಿ ಸುಮ್ಮನಿರುತ್ತಾರೆ. ಕಾಲೇಜಿಗೆ ಹೋಗುವ ಮಗಳು ‘ನಮ್ಮ ಮನೆತನದ ಅಭಿಪ್ರಾಯ ಇದೇ’ ಎಂದು ಬಗೆದು, ಬೇರೆ ಮಾತೊಂದು ತುದಿನಾಲಿಗೆಗೆ ಬಂದರೂ ನುಂಗಿಕೊಳ್ಳುತ್ತಾಳೆ. ಅವಳಂತೆಯೇ ನುಂಗಿಕೊಂಡವರು ಆ ಗುಂಪಿನಲ್ಲಿ ಹತ್ತು ಮಂದಿಯಿರಬಹುದು, ಒಬ್ಬರಿಗೊಬ್ಬರ ಸುಳಿವಿಲ್ಲ. ಚುನಾವಣೆ ಮುಗಿದ ಮೇಲೆ ಕೇಳಿದರೆ, ಗೆದ್ದವನು ಪಡೆದ ಮತಗಳಿಗಿಂತ ಹೆಚ್ಚು ಮಂದಿ ತಾವು ಅವನಿಗೇ ಹಾಕಿದೆವೆಂದು ಹೇಳುವುದನ್ನು ಸಮೀಕ್ಷಕರು ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಸೋತ ಮತವು ನೆನಪಿನಿಂದಲೂ ಜಾರಿಹೋಗುತ್ತದೆ!

ಪತ್ರಿಕೆಯನ್ನು ಬಿಡಬೇಕೆಂದು ನನ್ನ ಸಲಹೆಯಲ್ಲ. ಪತ್ರಿಕೆಯಿಲ್ಲದ ಪ್ರಜಾಪ್ರಭುತ್ವ ಕಿವಿಯಿಲ್ಲದ ಮುಖ. ಓದುವಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಸ್ಥಾನಗಳ ಸಂಖ್ಯೆ ಕಂಡೊಡನೆ, ನೂರು ಮತಗಳಲ್ಲಿ ಎಷ್ಟು? ‘ಜನರು ಹೇಳುತ್ತಾರೆ’ ಎಂದು ಕಂಡೊಡನೆ, ಎಲ್ಲಿಯ ಜನರು, ಎಷ್ಟು ಮಂದಿ? ‘ಎಲ್ಲರೂ ಒಪ್ಪಿದ್ದಾರೆ’ ಎಂದು ಕೇಳಿದೊಡನೆ, ಮಾತಾಡದವರು ಯಾರು?

ಮೂರನೆಯ ಪ್ರಶ್ನೆಯನ್ನು ಪತ್ರಿಕೆಗಿಂತ ಮುಂಚೆ ಮನೆಯಲ್ಲಿ ಕೇಳಬಹುದು. ಊಟದ ಪಂಕ್ತಿಯಲ್ಲಿ ಎಲ್ಲರೂ ಒಂದೇ ಪಕ್ಷವನ್ನು ಹೊಗಳುತ್ತಿರುವಾಗ, ತಲೆ ಬಾಗಿಸಿ ಅನ್ನ ಕಲಸುತ್ತಿರುವ ಒಬ್ಬರು ಇದ್ದೇ ಇರುತ್ತಾರೆ. ಅವರತ್ತ ತಿರುಗಿ, ‘ನಿನಗೇನು ಅನಿಸುತ್ತದೆ?’ ಎಂದು ಕೇಳಿರಿ. ಕೇಳಿದ ಮೇಲೆ ಉತ್ತರವನ್ನು ನಡುವೆ ತಡೆಯದೆ ಪೂರ್ತಿಯಾಗಿ ಆಲಿಸಿರಿ.