ಅಂತರಜಾಲದ ಬೇರು ಒಂದೇ ಇರಲಿ

ಪ್ಯಾರಿಸ್ ನಗರದ ಹೊರವಲಯದಲ್ಲಿ ಸೆವ್ರ್ ಎಂಬ ಊರಿದೆ. ಅಲ್ಲಿಯ ಅಂತರರಾಷ್ಟ್ರೀಯ ತೂಕ ಅಳತೆಗಳ ಕಾರ್ಯಾಲಯದಲ್ಲಿ ಗಾಜಿನ ಮುಚ್ಚಳಗಳ ಕೆಳಗೆ ಜೋಪಾನವಾಗಿಟ್ಟಿರುವ ಪ್ಲಾಟಿನಮ್-ಇರಿಡಿಯಮ್ ಮಿಶ್ರಲೋಹದ ಒಂದು ಉರುಳೆಯೇ 1889ರಿಂದ ಜಗತ್ತಿನ ಸಮಸ್ತ ಕಿಲೋಗ್ರಾಮುಗಳಿಗೂ ಮೂಲವಾಗಿದ್ದಿತು. 2019ರ ಮೇ 20ರಂದು ಆ ಉರುಳೆಗೆ ನಿವೃತ್ತಿಯಾಯಿತು. ಪ್ಲಾಂಕ್ ಸ್ಥಿರಾಂಕದ ಬೆಲೆಯನ್ನು ನಿಗದಿಗೊಳಿಸಿ, ಅದರಿಂದ ಕಿಲೋಗ್ರಾಮನ್ನು ಪಡೆಯುವ ಏರ್ಪಾಡು ಜಾರಿಗೆ ಬಂದಿತು. ತಕ್ಕ ಉಪಕರಣಗಳುಳ್ಳ ಯಾವ ದೇಶದ ಪ್ರಯೋಗಶಾಲೆಯಾದರೂ ಇಂದು ಸೆವ್ರ್‌ನ ಅಪ್ಪಣೆಗೆ ಕಾಯದೆ ತನ್ನ ಕಿಲೋಗ್ರಾಮನ್ನು ತಾನೇ ಮಾಡಿಕೊಳ್ಳಬಹುದು. ಎರಡು ಪ್ರಯೋಗಶಾಲೆಗಳು ಒಂದನ್ನೊಂದು ವಿಚಾರಿಸದಿದ್ದರೂ ಅವುಗಳ ಉತ್ತರ ಒಂದೇ ಆಗಿರುವುದು. ಏಕೆಂದರೆ ಅಲ್ಲಿ ಸಾಕ್ಷಿ ನುಡಿಯುವುದು ಪ್ರಕೃತಿ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥದೇ ಸ್ವಾತಂತ್ರ್ಯವನ್ನು ಅಂತರಜಾಲದ ಹೆಸರುಗಳಿಗೂ ಕೊಡಿಸಬೇಕೆಂದು ವಾದಿಸುವವರು ಕೆಲವರುಂಟು. ಜಗತ್ತಿನ ಹೆಸರುಗಳೆಲ್ಲಕ್ಕೂ ಒಂದೇ ಮೂಲಪಟ್ಟಿ ಏಕಿರಬೇಕು, ಬೇಕಾದವರು ಬೇಕಾದ ಪಟ್ಟಿಯನ್ನು ಇಟ್ಟುಕೊಳ್ಳಲಿ ಎಂಬುದು ಅವರ ಪ್ರಶ್ನೆ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೂ ಇದು ತಪ್ಪು ದಾರಿಯೆಂದು ನಾವು ತಿಳಿದಿದ್ದೇವೆ. ಕಾರಣವನ್ನು ವಿವರಿಸುವುದಕ್ಕೆ ಮೊದಲು ವ್ಯವಸ್ಥೆ ಹೇಗಿದೆ ಎಂಬುದನ್ನು ಸ್ವಲ್ಪ ನೋಡೋಣ.

ಲಕೋಟೆಯ ಮೇಲೆ ನಾವು ಹೆಸರು, ಬೀದಿ, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲಿನಿಂದ ಕೆಳಕ್ಕೆ ಬರೆಯುತ್ತೇವೆ. ಅಂಚೆಯವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಅಂತರಜಾಲದ ಡೊಮೇನ್ ಹೆಸರನ್ನು ಕಂಪ್ಯೂಟರುಗಳು ಹೀಗೆಯೇ ಹಿಂದುಮುಂದಾಗಿ, ಎಂದರೆ ಬಲದಿಂದ ಎಡಕ್ಕೆ ಓದುತ್ತವೆ. ‘ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’ ಎಂಬ ನಮ್ಮ ರಾಜ್ಯಸರ್ಕಾರದ ಹೆಸರನ್ನು ಯಾರಾದರೂ ಬೆರಳಚ್ಚಿಸಿದರೆನ್ನಿ. ಕಂಪ್ಯೂಟರಿಗೆ ಬೇಕಾಗಿರುವುದು ಹೆಸರಲ್ಲ, ಅಂಕಿಗಳಲ್ಲಿರುವ ಒಂದು ವಿಳಾಸ. ಅದನ್ನು ಹುಡುಕಿಕೊಡಲು ‘ರಿಸಾಲ್ವರು’ ಎಂಬ ಒಂದು ಸರ್ವರು ಇರುತ್ತದೆ. ಅದು ಮೊದಲು ಎಲ್ಲಕ್ಕಿಂತ ಮೇಲಿರುವ ಮೂಲವನ್ನು ‘ಇನ್ ಎಂಬುದರ ಲೆಕ್ಕ ಯಾರ ಬಳಿ ಇದೆ?’ ಎಂದು ಕೇಳುತ್ತದೆ. ಮೂಲವು ತೋರಿಸಿದ ಕಡೆಗೆ ಹೋಗಿ ‘ಜಿಒವಿ’ಯನ್ನು ವಿಚಾರಿಸುತ್ತದೆ, ಅಲ್ಲಿಂದ ಮುಂದೆ ‘ಕರ್ನಾಟಕ’ವನ್ನು. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಆ ಮೂಲಕ್ಕೆ ಇಂಗ್ಲಿಷಿನಲ್ಲಿ ‘ರೂಟ್’, ಎಂದರೆ ಬೇರು, ಎಂದು ಹೆಸರು. ಅದರಲ್ಲಿರುವುದು ಕಾಮ್, ಆರ್ಗ್, ಇನ್ ಮೊದಲಾದ 1,400ಕ್ಕೂ ಹೆಚ್ಚು ತುದಿಹೆಸರುಗಳ ಒಂದು ಪಟ್ಟಿ, ಅಷ್ಟೆ.

ಹೊಸಹಳ್ಳಿ ಎಂಬ ಹೆಸರಿನ ಊರುಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ! ಆದರೂ ಕಾಗದಗಳು ಸರಿಯಾಗಿ ಸೇರುತ್ತವೆ. ತಾಲ್ಲೂಕು ಜಿಲ್ಲೆಗಳು ಅವನ್ನು ಬೇರ್ಪಡಿಸುತ್ತವೆ. ಅದೇ ಲಕೋಟೆಯನ್ನು ಎರಡು ಅಂಚೆ ಇಲಾಖೆಗಳು ಸಾಗಿಸುತ್ತ, ಎರಡೂ ತಮ್ಮ ತಮ್ಮ ಜಿಲ್ಲೆಗಳ ಪಟ್ಟಿಯನ್ನು ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರೆ ಆಗ ತಾಲ್ಲೂಕು ಜಿಲ್ಲೆಗಳನ್ನು ಬರೆದೂ ಪ್ರಯೋಜನವಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗದಿರಲಿ. ಮೂಲ ಒಂದೇ ಎಂದರೆ ಯಂತ್ರ ಒಂದೇ ಎಂದಲ್ಲ. ಇಂಗ್ಲಿಷಿನ ಎ ಅಕ್ಷರದಿಂದ ಎಂ ಅಕ್ಷರದವರೆಗೆ 13 ಗುರುತುಗಳುಳ್ಳ ಮೂಲ ಸರ್ವರುಗಳಿವೆ; ಅವನ್ನು 12 ಸಂಸ್ಥೆಗಳು ನಡೆಸುತ್ತವೆ. ಹಳೆಯ ನಿಯಮದ ಪ್ರಕಾರ ಒಂದು ಉತ್ತರವು 512 ಬೈಟುಗಳನ್ನು ಮೀರುವಂತಿರಲಿಲ್ಲ. ಅಷ್ಟರೊಳಗೆ ಹಿಡಿಸುವುದು ಇಷ್ಟೇ ಆದ್ದರಿಂದ ಸಂಖ್ಯೆ 13ಕ್ಕೆ ನಿಂತಿತು. ಪ್ರತಿಯೊಂದು ಗುರುತಿನ ಹಿಂದೆಯೂ ಹಲವು ಯಂತ್ರಗಳಿದ್ದು, ಅವು ಭಾರತವೂ ಸೇರಿದಂತೆ ನಾನಾ ದೇಶಗಳಲ್ಲಿ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹರಡಿಕೊಂಡಿವೆ. ಒಂದೇ ಪಂಚಾಂಗದ ಸಾವಿರ ಪ್ರತಿಗಳನ್ನು ಅಚ್ಚುಹಾಕಿಸಿದಂತೆ ಇದು. ಪಂಚಾಂಗಗಳೇ ಎರಡಾದರೆ ಏಕಾದಶಿ ಎರಡು ದಿನ ಬರುವುದು. (ಉಪವಾಸ ಮಾಡುವವರಿಗೆ ಅದರಿಂದ ಹೆಚ್ಚಿನ ನಷ್ಟವೇನೂ ಆಗದೆಂಬುದು ಬೇರೆ ಮಾತು.)

ಆರಂಭದಲ್ಲಿ ಈ ವ್ಯವಸ್ಥೆಯೂ ಇರಲಿಲ್ಲ. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡವು ಎಲ್ಲ ಕಂಪ್ಯೂಟರುಗಳ ಹೆಸರುಗಳನ್ನೂ ಒಂದೇ ಕಡತದಲ್ಲಿ ಬರೆದಿಡುತ್ತಿತ್ತು. ಮಿಕ್ಕವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಕಡತ ಉದ್ದವಾಗುತ್ತ ಹೋದಾಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಅವರು ಈಗಿನ ಕವಲೊಡೆಯುವ ಪದ್ಧತಿಯನ್ನು ರಚಿಸಿದರು. ಅವರ ಸಹೋದ್ಯೋಗಿಯಾಗಿದ್ದ ಜಾನ್ ಪೋಸ್ಟೆಲ್ ಅವರು ಹೆಸರು ಸಂಖ್ಯೆಗಳ ಲೆಕ್ಕವನ್ನು ಬಹುಕಾಲ ನೋಡಿಕೊಂಡರು.

ಈ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ಇಂಥ ಮೂಲವನ್ನೇ ಕೇಳಬೇಕೆಂದು ಯಾವ ರಿಸಾಲ್ವರನ್ನೂ ಯಾವ ಶಕ್ತಿಯೂ ಕಟ್ಟಿಹಾಕಿಲ್ಲ. 13 ಮೂಲ ಸರ್ವರುಗಳ ವಿಳಾಸಗಳು ಅದರೊಳಗೆ ಒಂದು ಸಣ್ಣ ಕಡತದಲ್ಲಿರುತ್ತವೆ. ಅದನ್ನು ನಡೆಸುವವನು ಆ ಕಡತವನ್ನು ತಿದ್ದಿ ಬೇರೊಂದು ಮೂಲದ ವಿಳಾಸವನ್ನು ಬರೆದರೆ ಕೆಲಸ ಮುಗಿಯಿತು. ಜಗತ್ತಿನ ಅಂತರಜಾಲ ಒಂದಾಗಿ ಉಳಿದಿರುವುದು ಕೇವಲ ಒಪ್ಪಿಗೆಯ ಬಲದಿಂದ. 1998ರ ಜನವರಿ 28ರಂದು ಪೋಸ್ಟೆಲ್ ಅವರು, ಎ ಗುರುತಿನ ಸರ್ವರಿನಿಂದ ಪಟ್ಟಿಯನ್ನು ಪಡೆಯುತ್ತಿದ್ದ 12 ಸರ್ವರುಗಳ ಪೈಕಿ 8ರ ನಿರ್ವಾಹಕರಿಗೆ ಒಂದು ಇ-ಮೇಲ್ ಬರೆದು, ಇನ್ನು ಪಟ್ಟಿಯನ್ನು ತಮ್ಮಲ್ಲಿಂದ ಪಡೆಯಬೇಕೆಂದು ಕೇಳಿಕೊಂಡರು. ಅವರು ಹಾಗೆಯೇ ಮಾಡಿದರು! ಅಮೆರಿಕ ಸರ್ಕಾರದ ಒತ್ತಾಯದ ಮೇಲೆ ಕೆಲವು ದಿನಗಳಲ್ಲಿ ಎಲ್ಲವೂ ಮೊದಲಿನಂತಾಯಿತು. ಪೋಸ್ಟೆಲ್ ಅವರು ಅದನ್ನು ಒಂದು ಪರೀಕ್ಷೆ ಎಂದರು. ಎರಡು ಕಡೆಯ ಪಟ್ಟಿಗಳೂ ಒಂದೇ ಆಗಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಒಂದು ಪತ್ರದಿಂದ ಎಷ್ಟಾಗಬಹುದೆಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಈ ಕೆಲಸವನ್ನು ನೋಡಿಕೊಳ್ಳಲು ‘ಐಕ್ಯಾನ್’ ಎಂಬ ಸಂಸ್ಥೆ ಸ್ಥಾಪಿತವಾಯಿತು.

ಪರ್ಯಾಯ ಮೂಲಗಳನ್ನು ಸ್ಥಾಪಿಸಲು ಹೊರಟವರು ಕೇವಲ ಹಟಮಾರಿಗಳೆಂದು ತಳ್ಳಿಹಾಕುವುದು ಸರಿಯಲ್ಲ. 1995ರಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಒಂದೇ ಕಂಪನಿ ಕಾಮ್ ಮೊದಲಾದ ಹೆಸರುಗಳಿಗೆ ಎರಡು ವರ್ಷಕ್ಕೆ 100 ಡಾಲರುಗಳ ಶುಲ್ಕ ವಿಧಿಸಲಾರಂಭಿಸಿದಾಗ ಅನೇಕರಿಗೆ ಅಸಮಾಧಾನವಾದುದು ಸಹಜ. ಆ ಅಸಮಾಧಾನದ ನಡುವೆ ಬಂದ ಆಲ್ಟರ್‌ನಿಕ್ ಎಂಬ ಪರ್ಯಾಯ ಮೂಲದ ಸ್ಥಾಪಕ ಯುಜೀನ್ ಕಶ್‌ಪುರೆಫ್, 1997ರ ಜುಲೈನಲ್ಲಿ, ರಿಸಾಲ್ವರುಗಳ ನೆನಪಿನಲ್ಲಿ ಸುಳ್ಳು ಉತ್ತರವನ್ನು ತುಂಬಿ, ಅಧಿಕೃತ ನೋಂದಣಿಯ ತಾಣಕ್ಕೆ ಹೊರಟವರನ್ನು ತನ್ನ ತಾಣಕ್ಕೆ ತಿರುಗಿಸಿದನು. ಮುಂದೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡನು. ಮಿಕ್ಕವರು ಇಂಥ ಕೆಲಸಕ್ಕೆ ಕೈಹಾಕಲಿಲ್ಲ. 2001ರಲ್ಲಿ ನ್ಯೂ ಡಾಟ್ ನೆಟ್ ಎಂಬ ಕಂಪನಿ, ತನ್ನ ತಂತ್ರಾಂಶವುಳ್ಳವರಿಗೆ ಅಥವಾ ತನ್ನೊಡನೆ ಒಪ್ಪಂದ ಮಾಡಿಕೊಂಡ ಸೇವಾದಾರರ ಗ್ರಾಹಕರಿಗೆ ಮಾತ್ರ ತೆರೆಯುವ ಹೆಸರುಗಳನ್ನು ಮಾರಿತು. ಈಚೆಗೆ ಬ್ಲಾಕ್‌ಚೈನ್ ತಂತ್ರದ ಮೇಲೆ ನಿಂತಿರುವ ನೇಮ್‌ಕಾಯಿನ್ 2011ರಲ್ಲಿಯೂ ಹ್ಯಾಂಡ್‌ಶೇಕ್ 2020ರಲ್ಲಿಯೂ ಬಂದಿವೆ.

ನಾವು ಇರುವ ಹೆಸರುಗಳನ್ನು ಮುಟ್ಟುವುದಿಲ್ಲ, ಹೊಸ ಹೆಸರುಗಳನ್ನು ಮಾತ್ರ ಸೇರಿಸುತ್ತೇವೆ, ಇದರಿಂದ ಯಾರಿಗೆ ಹಾನಿ ಎಂದು ಇವರಲ್ಲಿ ಹಲವರು ಕೇಳುತ್ತಾರೆ. ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ‘ಬಿಜ್’ ಎಂಬ ತುದಿಹೆಸರು ಪರ್ಯಾಯ ಮೂಲದಲ್ಲಿ ಮೊದಲೇ ಬಳಕೆಯಲ್ಲಿದ್ದಿತು. 2000ದ ನವೆಂಬರಿನಲ್ಲಿ ಐಕ್ಯಾನ್ ಅದೇ ಹೆಸರನ್ನು ಆರಿಸಿಕೊಂಡು ಮರುವರ್ಷ ಸಾಮಾನ್ಯ ಮೂಲಕ್ಕೆ ಸೇರಿಸಿತು. ಅಂದಿನಿಂದ ಒಂದೇ ಹೆಸರಿಗೆ, ಕೇಳುವವನ ರಿಸಾಲ್ವರು ಯಾವುದು ಎಂಬುದನ್ನನುಸರಿಸಿ, ಎರಡು ಉತ್ತರಗಳು ಬರುವಂತಾಯಿತು. ತಪ್ಪು ಯಾರದೆಂಬ ಜಗಳ ಬಗೆಹರಿಯುವಂಥದಲ್ಲ. ಎರಡು ಪಟ್ಟಿಗಳಿದ್ದು ಎರಡೂ ಬೆಳೆಯುತ್ತಿದ್ದರೆ ಅವು ಎಂದಾದರೊಂದು ದಿನ ಡಿಕ್ಕಿ ಹೊಡೆಯಲೇಬೇಕು.

ಇದರ ಅಪಾಯವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ ಪ್ರಸಂಗವೊಂದಿದೆ. ಅನೇಕ ಕಂಪನಿಗಳು ತಮ್ಮ ಕಟ್ಟಡದೊಳಗಿನ ಕಂಪ್ಯೂಟರುಗಳಿಗೆ ‘ಕಾರ್ಪ್’ ಎಂಬ ತುದಿಹೆಸರನ್ನು ತಾವೇ ಇಟ್ಟುಕೊಂಡಿದ್ದವು. ಮನೆಯ ಉಪಕರಣಗಳಲ್ಲಿ ‘ಹೋಮ್’ ಎಂಬುದು ರೂಢಿಯಲ್ಲಿತ್ತು. ಇವು ಒಂದರ್ಥದಲ್ಲಿ ಪುಟ್ಟ ಪುಟ್ಟ ಖಾಸಗಿ ಮೂಲಗಳೇ. 2012ರಲ್ಲಿ ಐಕ್ಯಾನ್ ಹೊಸ ತುದಿಹೆಸರುಗಳಿಗೆ ಅರ್ಜಿ ಕರೆದಾಗ ಕೆಲವರು ಇವೇ ಹೆಸರುಗಳನ್ನು ಬಯಸಿದರು. ನೌಕರನೊಬ್ಬನು ಕಚೇರಿಯ ಕಂಪ್ಯೂಟರನ್ನು ಮನೆಗೆ ಒಯ್ದಿದ್ದಾನೆಂದು ಭಾವಿಸಿ. ಅದು ಅಭ್ಯಾಸಬಲದಿಂದ ‘ಕಾರ್ಪ್’ ಹೆಸರಿನ ಸರ್ವರನ್ನು ಹುಡುಕುತ್ತದೆ. ಕಚೇರಿಯ ಹೊರಗೆ ಅಂಥ ಹೆಸರಿಲ್ಲದಿದ್ದರೆ ‘ಇಲ್ಲ’ ಎಂಬ ಉತ್ತರ ಬಂದು ಸುಮ್ಮನಾಗುತ್ತದೆ. ಆ ಹೆಸರು ಹೊರಗೆ ಬೇರೊಬ್ಬರ ಪಾಲಾಗಿದ್ದರೆ, ಉತ್ತರ ಬರುತ್ತದೆ. ಕಂಪ್ಯೂಟರು ನಂಬಿಕೆಯಿಂದ ಕಚೇರಿಯ ಗುಟ್ಟುಗಳನ್ನು ಅಪರಿಚಿತನಿಗೆ ಒಪ್ಪಿಸಿಬಿಡಬಹುದು. ಈ ಭಯದಿಂದಲೇ ಐಕ್ಯಾನ್ 2018ರಲ್ಲಿ ಕಾರ್ಪ್, ಹೋಮ್, ಮೇಲ್ ಎಂಬ ಮೂರನ್ನೂ ಯಾರಿಗೂ ಕೊಡದೆ ತಡೆದಿಟ್ಟಿತು. 2024ರಲ್ಲಿ ಖಾಸಗಿ ಬಳಕೆಗೆಂದೇ ‘ಇಂಟರ್ನಲ್’ ಎಂಬುದನ್ನು ಮೀಸಲಾಗಿರಿಸಿತು.

ಕೆಲವು ದೇಶಗಳು ತಮ್ಮ ಪ್ರಜೆಗಳಿಗೆ ಹಲವು ತಾಣಗಳನ್ನು ಈಗಾಗಲೇ ಮುಚ್ಚಿರುವುದರಿಂದ ಅಂತರಜಾಲ ಒಡೆದೇ ಹೋಗಿದೆ, ಮೂಲ ಒಂದಿದ್ದು ಫಲವೇನು ಎಂದು ಮತ್ತೆ ಕೆಲವರು ಕೇಳಬಹುದು. ಮುಚ್ಚಿದ ಬಾಗಿಲಿಗೂ ತೆರೆದುಕೊಳ್ಳುವ ತಪ್ಪು ಬಾಗಿಲಿಗೂ ಬಹಳ ಅಂತರವಿದೆ. ಮೇಲಾಗಿ, 2010ರ ಜುಲೈ 15ರಿಂದ ಮೂಲಪಟ್ಟಿಗೆ ಗಣಿತೀಯ ರುಜುವನ್ನು ಹಾಕಲಾಗುತ್ತಿದೆ. ರುಜುವಿನ ಸರಪಣಿ ಆ ಮೂಲದಿಂದ ಹೊರಟು ಹೆಸರಿನ ಕೊನೆಯವರೆಗೆ ಬಂದಿದ್ದರೆ, ನಡುವೆ ಯಾರಾದರೂ ಸುಳ್ಳು ಉತ್ತರ ಕೊಟ್ಟಾಗ ಅದು ಸುಳ್ಳೆಂದು ತಿಳಿದುಬಿಡುತ್ತದೆ. ಪರ್ಯಾಯ ಮೂಲವೂ ತನ್ನದೇ ರುಜು ಹಾಕಬಹುದು. ಆಗ ಎರಡು ಉತ್ತರಗಳೂ ರುಜುವಾತಾದ ಉತ್ತರಗಳೇ! ಯಾವುದು ಸರಿ ಎಂದು ಯಾವ ಪ್ರಯೋಗದಿಂದ ನಿರ್ಧರಿಸುವುದು? ಹೆಸರುಗಳಿಗೆ ಪ್ಲಾಂಕ್ ಸ್ಥಿರಾಂಕವಿಲ್ಲ. ಅವು ಜನರ ಒಡಂಬಡಿಕೆಯಿಂದ ಹುಟ್ಟಿದವು. ಒಡಂಬಡಿಕೆ ಎಲ್ಲಿಯವರೆಗೋ ಅಲ್ಲಿಯವರೆಗೇ ಅವುಗಳಿಗೆ ಒಂದು ಅರ್ಥ.

ಹಾಗಾದರೆ ಮೂಲವನ್ನು ಕೈಯಲ್ಲಿ ಹಿಡಿದವರು ಮಾಡಿದ್ದೆಲ್ಲವೂ ಸರಿಯೆ? ಹಾಗೆ ನಾವು ಹೇಳುವುದಿಲ್ಲ. ಮೂಲ ಸರ್ವರುಗಳನ್ನು ನಡೆಸುವ 12 ಸಂಸ್ಥೆಗಳಲ್ಲಿ ಅಮೆರಿಕದ ಹೊರಗಿನವು ಮೂರೇ: ಸ್ವೀಡನ್ನಿನದೊಂದು, ನೆದರ್ಲೆಂಡ್ಸಿನದೊಂದು, ಜಪಾನಿನದೊಂದು. 2016ರ ಅಕ್ಟೋಬರ್ 1ರವರೆಗೆ ಮೂಲಪಟ್ಟಿಯ ಮೇಲೆ ಅಮೆರಿಕ ಸರ್ಕಾರದ ಮೇಲ್ವಿಚಾರಣೆಯಿದ್ದಿತು. ಅದು ಬಹಳ ಹಿಂದೆಯೇ ಮುಗಿಯಬೇಕಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಇತರ ದೇಶಗಳ ಶಂಕೆ ನಿರಾಧಾರವಲ್ಲ. ರಷ್ಯ ದೇಶವು 2019ರ ನವೆಂಬರಿನಿಂದ ಜಾರಿಗೆ ತಂದ ಕಾನೂನಿನಲ್ಲಿ ತನ್ನದೇ ಆದ ಹೆಸರಿನ ವ್ಯವಸ್ಥೆಯನ್ನು ಸಿದ್ಧವಾಗಿಟ್ಟುಕೊಳ್ಳುವ ಏರ್ಪಾಡನ್ನು ಮಾಡಿದೆ. 2022ರಲ್ಲಿ ಅದೇ ರಷ್ಯದ ಆಕ್ರಮಣಕ್ಕೆ ಗುರಿಯಾದ ಯುಕ್ರೇನ್, ‘ಆರ್‌ಯು’ ಎಂಬ ರಷ್ಯದ ತುದಿಹೆಸರನ್ನು ಮೂಲಪಟ್ಟಿಯಿಂದ ತೆಗೆದುಹಾಕಬೇಕೆಂದು ಐಕ್ಯಾನನ್ನು ಕೇಳಿತು. ಬಾಂಬು ಬೀಳುತ್ತಿರುವ ನಾಡಿನವರ ಈ ಕೋರಿಕೆಯನ್ನು ಓದಿದಾಗ ಯಾರ ಮನಸ್ಸೂ ಕಲಕದೆ ಇರದು. ಐಕ್ಯಾನ್ ಒಪ್ಪಲಿಲ್ಲ; ಒಪ್ಪದಿದ್ದುದೇ ಒಳ್ಳೆಯದಾಯಿತೆಂದು ನಾವು ಭಾವಿಸುತ್ತೇವೆ. ಮೂಲಪಟ್ಟಿಯನ್ನು ಒಮ್ಮೆ ಆಯುಧವಾಗಿ ಬಳಸಿದ್ದರೆ, ಮರುದಿನವೇ ಪ್ರತಿಯೊಂದು ದೊಡ್ಡ ರಾಷ್ಟ್ರವೂ ತನ್ನದೊಂದು ಪಟ್ಟಿಯನ್ನು ಕಟ್ಟಲಾರಂಭಿಸುತ್ತಿತ್ತು. ಅದನ್ನು ತಪ್ಪೆನ್ನಲು ನಮಗೆ ಬಾಯಿಯಿರುತ್ತಿರಲಿಲ್ಲ.

ಮೂಲವನ್ನು ಒಡೆಯದೆಯೇ ನ್ಯಾಯವಾದ ಬೇಡಿಕೆಯನ್ನು ಗೆಲ್ಲಬಹುದೆಂಬುದಕ್ಕೆ ಲಿಪಿಗಳ ಪ್ರಶ್ನೆಯೇ ನಿದರ್ಶನ. ಬಹುಕಾಲದವರೆಗೆ ಮೂಲಪಟ್ಟಿಯಲ್ಲಿ ಬಳಕೆಯ ತುದಿಹೆಸರುಗಳೆಲ್ಲ ರೋಮನ್ ಅಕ್ಷರಗಳಲ್ಲಿಯೇ ಇದ್ದವು. ಇದರಿಂದ ಬೇಸತ್ತು ಚೀನದಂಥ ದೇಶಗಳು ಪ್ರತ್ಯೇಕ ದಾರಿ ಹಿಡಿಯುವುವೋ ಎಂಬ ಕಳವಳ ಹುಟ್ಟಿದ್ದುಂಟು. ಕೊನೆಗೆ 2010ರ ಮೇ ತಿಂಗಳಲ್ಲಿ ಅರಬ್ಬಿ ಲಿಪಿಯ ದೇಶನಾಮಗಳು ಸಾಮಾನ್ಯ ಮೂಲದಲ್ಲಿಯೇ ಸ್ಥಾನ ಪಡೆದವು. ನಮ್ಮ ‘ಭಾರತ’ ಎಂಬ ಹೆಸರೂ ಕನ್ನಡವೂ ಸೇರಿದಂತೆ ನಮ್ಮ ದೇಶದ ಹಲವು ಲಿಪಿಗಳಲ್ಲಿ ಇಂದು ಅಲ್ಲಿದೆ. ಯಂತ್ರಗಳ ನಡುವೆ ಅದು ‘ಎಕ್ಸ್‌ಎನ್’ ಎಂದು ಮೊದಲಾಗುವ ಒಂದು ರೋಮನ್ ಸಂಕೇತವಾಗಿ ಸಂಚರಿಸುತ್ತದೆ. ಬರೆಯುವವನಿಗೆ ಅದರ ಗೊಡವೆಯಿಲ್ಲ. ಕನ್ನಡಿಗರೇ ಒಂದು ಪ್ರತ್ಯೇಕ ಮೂಲವನ್ನು ಕಟ್ಟಿಕೊಂಡಿದ್ದರೆ, ಆ ಹೆಸರು ನಮ್ಮ ರಿಸಾಲ್ವರುಗಳಲ್ಲಿ ಮಾತ್ರ ತೆರೆದು ಲಂಡನ್ನಿನಲ್ಲಿರುವ ಕನ್ನಡಿಗನಿಗೆ ‘ಇಲ್ಲ’ ಎಂಬ ಉತ್ತರ ಬರುತ್ತಿತ್ತು. ಈಗ ಅದು ಮೈಸೂರಿನಲ್ಲಿಯೂ ಲಂಡನ್ನಿನಲ್ಲಿಯೂ ಒಂದೇ ತಾಣವನ್ನು ತೋರಿಸುತ್ತದೆ.

ತೊಡಕು ಉಳಿದಿರುವುದು ಬೇರೆ ಕಡೆ. ಕನ್ನಡ ಅಕ್ಷರಗಳಲ್ಲಿ ಬರೆದ ಇ-ಮೇಲ್ ವಿಳಾಸವನ್ನು ತುಂಬಿದರೆ ‘ಇದು ಸರಿಯಾದ ವಿಳಾಸವಲ್ಲ’ ಎಂದು ಹಿಂದಕ್ಕೆ ತಳ್ಳುವ ಅರ್ಜಿನಮೂನೆಗಳು ಅಂತರಜಾಲದಲ್ಲಿ ಇನ್ನೂ ಬೇಕಾದಷ್ಟಿವೆ. ಮೂಲ ಒಪ್ಪಿಕೊಂಡ ಹೆಸರನ್ನು ನಮೂನೆ ಒಪ್ಪಿಕೊಳ್ಳದು! ಇದನ್ನು ಸರಿಪಡಿಸಲು ಹೊಸ ಮೂಲವೂ ಬೇಡ, ಐಕ್ಯಾನಿನ ಅಪ್ಪಣೆಯೂ ಬೇಡ. ನಮೂನೆಯ ತಂತ್ರಾಂಶದಲ್ಲಿ ಕೆಲವು ಸಾಲುಗಳನ್ನು ತಿದ್ದಿದರೆ ಸಾಕು. ಅಂಥ ತಂತ್ರಾಂಶವನ್ನು ಬರೆಯುವವರಲ್ಲಿ ಬಹುಮಂದಿ ನಮ್ಮ ಬೆಂಗಳೂರಿನಲ್ಲಿಯೇ ಇದ್ದಾರೆ.